ಮೊದಲ ಹೀಟಿನ ಸೀನಿಯಾರಿಟಿ

ತಾರ್ನಾಕದ ಪ್ರಹ್ಲಾದರಾಯರು ಸುಳ್ಳು ಬರೆಯುವ ಮನುಷ್ಯರಲ್ಲ. ಹಾಗಂತ ಇದ್ದದ್ದನ್ನು ಇದ್ದ ಹಾಗೆ ಬರೆಯುವವರೂ ಅಲ್ಲ. ಇಪ್ಪತ್ತೇಳು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು, ಗುಮಾಸ್ತಿಕೆಯಿಂದ ಸೂಪರಿಂಟೆಂಡೆಂಟ್ ಕುರ್ಚಿಯ ತನಕ ಬಂದವರಿಗೆ ಇವೆರಡರ ನಡುವೆ ಒಂದು ಮೂರನೆಯ ದಾರಿ ಸಿಕ್ಕಿರುತ್ತದೆ. ಮೂರು ದಿನದ ಕೆಲಸಕ್ಕೆ ಹತ್ತು ದಿನ ಬೇಕು ಎಂದು ಬರೆಯಬೇಕು. ಮೂರಕ್ಕೇ ಮುಗಿದರೆ ಸಾಹೇಬರು ಭೇಷ್ ಅನ್ನುತ್ತಾರೆ, ಒಂಬತ್ತಕ್ಕೆ ಮುಗಿದರೂ ಯಾರೂ ಯಾಕೆ ಅನ್ನುವುದಿಲ್ಲ. ಈ ಪದ್ಧತಿಯಿಂದ ರಾಯರು ಇಡೀ ಸರ್ವಿಸಿನಲ್ಲಿ ಒಂದೇ ಒಂದು ಮೆಮೊ ತಗೊಂಡಿದ್ದರು. ಅದೂ ಪಕ್ಕದ ಟೇಬಲ್ಲಿನವನ ಹೆಸರಿನದು, ತಪ್ಪಿ ಇವರ ಕೈಗೆ ಬಂದದ್ದು.

ಇಂಥವರ ಕೈಗೆ ಮಗಳ ಈಜುಸ್ಪರ್ಧೆಯ ಅರ್ಜಿ ಬಂತು. ಮಗಳು ಶರ್ವರಿಗೆ ಹನ್ನೊಂದು ವರ್ಷ. ಕಪ್ಪೆಯ ಹಾಗೆ ಕೈಕಾಲು ಮಡಚಿ ಚಾಚುವ ಬ್ರೆಸ್ಟ್‌ಸ್ಟ್ರೋಕಿನಲ್ಲಿ ಅವಳದು ಒಳ್ಳೆಯ ಕೈ. ಅವಳ ಕೋಚ್ ಮಲ್ಲಣ್ಣ ಯಾದಗಿರಿ ಕಡೆಯವನು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬರುವಾಗ ಸೊಂಟದ ಮೇಲೆ ಕೂತು ಬಂದವನು, ಈಜು ಕಲಿತದ್ದು ಮಾತ್ರ ಅಜ್ಜನ ಊರಿನ ಬಾವಿಯಲ್ಲಿ. ತಂಗಿಯ ಮದುವೆಗೆಂದು ಊರಿಗೆ ಹೊರಟಿದ್ದ ಅವನು, ಅರ್ಜಿಯಲ್ಲಿ ಐವತ್ತು ಮೀಟರಿಗೆ ನಲವತ್ತೇಳು ಸೆಕೆಂಡ್ ಎಂದು ಬರೆಯಿರಿ ಅಂತ ರಾಯರಿಗೆ ಹೇಳಿಯೇ ಬಸ್ಸು ಹತ್ತಿದ್ದ.

ರಾಯರು ಪೆನ್ನು ಹಿಡಿದು ಯೋಚನೆಗೆ ಬಿದ್ದರು. ನಲವತ್ತೇಳು ಎಂದು ಬರೆದು, ಅಂದು ಹುಡುಗಿಗೆ ನೆಗಡಿಯಾಗಿ ನಲವತ್ತೆಂಟಾದರೆ? ಬರಹದಲ್ಲಿ ಕೊಟ್ಟ ಮಾತು ಅದು. ನಾಳೆ ಯಾರಾದರೂ ವಿವರಣೆ ಕೇಳಿದರೆ ಏನು ಉತ್ತರ ಕೊಡುವುದು? ಸೇಫ್ಟಿ ಇರಲಿ ಅಂತ ಮೂವತ್ತು ಸೆಕೆಂಡು ಸೇರಿಸಿ, ಒಂದು ನಿಮಿಷ ಹದಿನೇಳು ಸೆಕೆಂಡ್ ಎಂದು ದುಂಡಗೆ ಬರೆದು, ಕೆಳಗೆ ತಾರೀಖು ಹಾಕಿ ಸಹಿ ಮಾಡಿದರು.

ಇಲ್ಲೊಂದು ಮಾತು ಹೇಳಬೇಕು. ಈ ಸ್ಪರ್ಧೆ ರಾಯರಿಗೆ ಒಂದು ಕಾಗದವಾಗಿದ್ದರೂ ಶರ್ವರಿಗೆ ಹಾಗಿರಲಿಲ್ಲ. ಮೊದಲ ಮೂವರನ್ನು ಮಾತ್ರ ರಾಜ್ಯಮಟ್ಟಕ್ಕೆ ಕಳಿಸುತ್ತಾರೆ. ಹೋದ ವರ್ಷ ಅವಳು ನಾಲ್ಕನೆಯವಳಾಗಿದ್ದಳು, ಅಂಗೈಯಷ್ಟು ದೂರದಲ್ಲಿ. ಮನೆಗೆ ಬಂದು ಅತ್ತಿರಲಿಲ್ಲ, ಎರಡು ದಿನ ಮಾತೇ ಬಿಟ್ಟಿದ್ದಳು. ಅಷ್ಟು ಮಂದಿಯಲ್ಲಿ ನಾಲ್ಕನೇ ನಂಬರು ಬಂದರೆ ಕಡಿಮೆಯೇನಲ್ಲ ಎಂದು ರಾಯರು ಸಮಾಧಾನ ಹೇಳಲು ಹೋದಾಗ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಅಂದಿನಿಂದ ಇಡೀ ವರ್ಷ ಬೆಳಿಗ್ಗೆ ಐದಕ್ಕೆ ಯಾರೂ ಎಬ್ಬಿಸದೆ ಎದ್ದವಳು ಆ ಹುಡುಗಿ.

ಹೋದ ವರ್ಷದ ಸ್ಪರ್ಧೆ ಕೆಲಸದ ದಿನ ಬಂದದ್ದರಿಂದ ಮಲ್ಲಣ್ಣನೇ ಮಕ್ಕಳನ್ನೆಲ್ಲ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಬಂದಿದ್ದ. ಕಾಲನಿಯ ಒಬ್ಬ ಅಪ್ಪನೂ, ಒಬ್ಬ ಅಮ್ಮನೂ ಈಜುಸ್ಪರ್ಧೆಯ ಮುಖ ನೋಡಿದವರಲ್ಲ. ಈ ಸಲ ಭಾನುವಾರ ಬಂದಿತ್ತು. ಎಲ್ಲರೂ ಹೊರಡುವವರೇ.

ನಾಲ್ಕು ದಿನ ಮೊದಲು ಫೋನಿಗೆ ಪಟ್ಟಿ ಬಂತು. ಹನ್ನೆರಡರ ಒಳಗಿನ ಹುಡುಗಿಯರು ಮೂವತ್ತಮೂರು, ಕೊಳದಲ್ಲಿ ಇರುವುದು ಆರೇ ಸಾಲು. ಹೀಗಾಗಿ ಆರು ತಂಡ ಮಾಡಿದ್ದರು. ಅವಕ್ಕೆ ಹೀಟು ಎಂದು ಹೆಸರು. ರಾಯರು ಕನ್ನಡಕ ಏರಿಸಿ ನೋಡುತ್ತಾರೆ, ಮೊದಲನೇ ಹೀಟಿನಲ್ಲಿ ಮೂರೇ ಹೆಸರು, ಎಲ್ಲಕ್ಕಿಂತ ಮೇಲೆ ಶರ್ವರಿ! ಸೀನಿಯಾರಿಟಿ ಪಟ್ಟಿಗಳ ನಡುವೆ ಕೂದಲು ಹಣ್ಣು ಮಾಡಿಕೊಂಡವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಟ್ಟಿಯ ತಲೆಯ ಮೇಲಿನ ಹೆಸರು ಎಲ್ಲರಿಗಿಂತ ದೊಡ್ಡದು, ಮುಂದಿನ ಪ್ರಮೋಷನ್ ಅದಕ್ಕೇ. ಮೇಲಿನ ಮನೆಯ ಆನಂದಕುಮಾರರ ಮಗಳು ಶಾಂಭವಿ, ಹೋದ ವರ್ಷ ಮೊದಲ ಬಹುಮಾನ ತಗೊಂಡವಳು, ಕಟ್ಟಕಡೆಯ ಆರನೇ ಹೀಟಿನಲ್ಲಿದ್ದಳು.

ಹೆಂಡತಿ ಸಂಪದಾಗೆ ಇದು ಗಂಟಲಿಗೆ ಇಳಿಯಲಿಲ್ಲ. "ಹೋದ ವರ್ಷ ಫಸ್ಟ್ ಬಂದಾಕಿ ಕಡೀಕ ಹ್ಯಾಂಗ ಹೋದ್ಲುರಿ?" ಎಂದಳು.

"ಕೆಲಸ ಕೆಟ್ಟಿರಬೇಕು. ನಮ್ಮ ಆಫೀಸಿನ್ಯಾಗೂ ರಿವರ್ಷನ್ ಆಗಿ ಕೆಳಗಿನ ಕುರ್ಚಿಗೆ ಇಳೀತಾರ," ಎಂದರು ರಾಯರು.

ಶರ್ವರಿ ಫೋನು ಇಸಕೊಂಡು ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರಾಯರು ಅದೇ ಫೋನನ್ನು ಕಸಿದುಕೊಂಡು ಮೆಹದಿಪಟ್ಟಣಂನ ಗಂಗೂಬಾಯಿ ಅತ್ಯಾಗೆ ಹಚ್ಚಿದ್ದರು. ರಾಯರ ಅಪ್ಪನ ತಂಗಿ ಗಂಗೂಬಾಯಿಗೆ ಒಂದು ಸುದ್ದಿ ತಿಳಿಸಿದರೆ ಬೇರೆ ಯಾರಿಗೂ ತಿಳಿಸುವ ಕೆಲಸ ಉಳಿಯುವುದಿಲ್ಲ. ಸಂಜೆಯೊಳಗೆ ರಾಯಚೂರಿನ ಬೀಗರ ತನಕ ಸುದ್ದಿ ಮುಟ್ಟಿ, ಹುಡುಗಿ ಮೊದಲನೇ ಹೀಟಿನಲ್ಲಿದ್ದಾಳೆ ಎಂಬುದು ಹುಡುಗಿ ಮೊದಲನೆಯವಳಾಗಿದ್ದಾಳೆ ಎಂದಾಗಿ, ಸ್ಪರ್ಧೆಗೆ ಇನ್ನೂ ನಾಲ್ಕು ದಿನ ಇರುವಾಗಲೇ ಅಭಿನಂದನೆಯ ಫೋನುಗಳು ಬರತೊಡಗಿದವು. ಶರ್ವರಿ ತಟ್ಟೆ ತೊಳೆದಿಟ್ಟು, ಶಾಂಭವಿಯ ಜೊತೆ ಆಡಿ ಬರುತ್ತೇನೆಂದು ಮೇಲಕ್ಕೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಒಂದು ಮನೆಯ ಮಾತಾಗಿರುತ್ತಿತ್ತು. ಆದರೆ ಕಾಲನಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ತಾಯಿ, ಸ್ಪರ್ಧೆಗೆ ಏನೇನು ತಗೊಂಡು ಹೋಗಬೇಕು, ಗೊತ್ತಿದ್ದವರು ತಿಳಿಸಿ ಎಂದು ಕೇಳಿಬಿಟ್ಟಳು. ಗೊತ್ತಿದ್ದವರು ಎಂಬ ಶಬ್ದ ಕಂಡರೆ ರಾಯರಿಗೆ ತಮ್ಮನ್ನೇ ಹೆಸರು ಹಿಡಿದು ಕರೆದ ಹಾಗಾಗುತ್ತದೆ. ಮೊದಲನೇ ಹೀಟಿನ ಹುಡುಗಿಯ ತಂದೆ ಬೇರೆ. ನೀರಿಗೆ ಇಳಿದರೆ ಮೊಣಕಾಲು ದಾಟದ ಅವರು ಅಂದು ಎರಡು ತಾಸು ಕೂತು ಪಾಲಕರಿಗೆ ಮಾರ್ಗದರ್ಶಿ ಸೂಚನೆಗಳು ಎಂಬ ಸುತ್ತೋಲೆ ಸಿದ್ಧಮಾಡಿದರು. ಕಾಲನಿಯಲ್ಲಿ ತೆಲುಗರು, ಮರಾಠಿಗರು ಎಲ್ಲ ಇರುವುದರಿಂದ ಅದು ಇಂಗ್ಲಿಷಿನಲ್ಲಿತ್ತು. ಸಾರಾಂಶ ಇಷ್ಟು: ಸ್ಪರ್ಧೆ ಎಂಟಕ್ಕೆ ಇದ್ದರೆ ಪಾಲಕರು ಆರಕ್ಕೆ ಹಾಜರಿರತಕ್ಕದ್ದು. ಜನ್ಮದಾಖಲೆಯ ದೃಢೀಕರಿಸಿದ ಮೂರು ಪ್ರತಿ ಜೊತೆಗಿರತಕ್ಕದ್ದು. ಮಕ್ಕಳು ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಬರತಕ್ಕದ್ದು, ಏಕೆಂದರೆ ಖಾಲಿ ಹೊಟ್ಟೆ ತೇಲುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಮೊದಲನೇ ಹೀಟು ಅತ್ಯುತ್ತಮರದು, ಉಳಿದವು ಕ್ರಮವಾಗಿ ಇಳಿಯುತ್ತವೆ. ಕೊನೆಯ ಹೀಟಿನ ಮಕ್ಕಳ ಪಾಲಕರು ಮನಸ್ಸು ಸಣ್ಣದು ಮಾಡಿಕೊಳ್ಳದೆ ಮುಂದಿನ ವರ್ಷ ಪ್ರಯತ್ನಿಸತಕ್ಕದ್ದು.

ಗುಂಪಿನಲ್ಲಿ ಹೆಬ್ಬೆರಳುಗಳ ಸಾಲೇ ಎದ್ದಿತು. ಒಬ್ಬರು ಅದನ್ನು ಪ್ರಿಂಟ್ ತೆಗೆಸಿ ಲಿಫ್ಟಿನಲ್ಲಿ ಅಂಟಿಸಿದರು.

ಮರುದಿನ ಸಂಜೆ ಮೇಲಿನ ಮನೆಯ ಆನಂದಕುಮಾರರು ಕೆಳಗಿಳಿದು ಬಂದರು. ಕಲಬುರಗಿ ಕಡೆಯವರು, ವಿಮೆ ಕಚೇರಿಯಲ್ಲಿ ಅಧಿಕಾರಿ. ದನಿ ಎತ್ತರಿಸಿ ಮಾತಾಡಿದವರೇ ಅಲ್ಲ. ಅಂದು ಮಾತ್ರ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಿದ್ದರು.

"ರಾಯರ, ನನ್ ಮಗಳು ನಿನ್ನಿಯಿಂದ ಅಳಾಕತ್ತಾಳ್ರಿ. ಶರ್ವರಿ ಮೊದಲನೇ ಹೀಟಿನಾಗ ಇದ್ದಾಳ, ನಾ ಯಾಕ ಕಡೀಗೆ, ನನ್ನೂ ಅಲ್ಲೇ ಹಾಕಸು ಅಂತಾಳ. ಊಟ ಬಿಟ್ಟಾಳ. ಇದಕ್ಕೇನರ ದಾರಿ ಐತೇನ್ರಿ?"

ರಾಯರ ಎದೆ ಕರಗಿಹೋಯಿತು. ಪ್ರಮೋಷನ್ ಸಿಕ್ಕವನಿಗೆ ಸಿಗದವನನ್ನು ಕಂಡರೆ ಉಕ್ಕುವ ಔದಾರ್ಯ ಬೇರೆಯೇ. ದಾರಿ ಯಾಕಿಲ್ಲ, ಮನವಿ ಎನ್ನುವುದು ಇರುವುದೇ ಇದಕ್ಕೆ ಎಂದವರು ಅಲ್ಲಿಯೇ ಕಾಗದ ಎಳೆದುಕೊಂಡರು. ಹೋದ ವರ್ಷದ ಫಲಿತಾಂಶ, ಕೋಚಿನ ಅಭಿಪ್ರಾಯ, ಶಾಲೆಯ ಪ್ರಗತಿಪತ್ರ, ಹೀಗೆ ಏಳು ಉಲ್ಲೇಖ ಕೊಟ್ಟು, ಇಂಥ ಪ್ರತಿಭೆಯನ್ನು ಕೊನೆಯ ಹೀಟಿಗೆ ತಳ್ಳಿರುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದೂ, ಮೊದಲನೇ ಹೀಟಿನಲ್ಲಿ ಮೂರು ಸಾಲು ಖಾಲಿ ಇರುವುದರಿಂದ ಸದರಿಯವಳನ್ನು ಅಲ್ಲಿಗೆ ವರ್ಗಾಯಿಸಿ ಉಪಕರಿಸಬೇಕೆಂದೂ ಮೂರು ಪುಟ ತುಂಬಿಸಿದರು. ಆನಂದಕುಮಾರರು ಓದಿ ಕಣ್ಣು ಒರೆಸಿಕೊಂಡರು. ತಮ್ಮ ಮಗಳಿಗೆ ಇಷ್ಟೆಲ್ಲ ಯೋಗ್ಯತೆ ಇರುವುದು ಅವರಿಗೂ ಆಗಲೇ ಗೊತ್ತಾದದ್ದು.

ಅವರು ಹೋದ ಮೇಲೆ ಸಂಪದಾ ಗಂಡನಿಗೆ ಸರಿಯಾಗಿ ಬೈದಳು. ಹೋದ ವರ್ಷ ಗೆದ್ದವಳನ್ನು ನಿಮ್ಮ ಕೈಯಾರೆ ತಂದು ನಿಮ್ಮ ಮಗಳ ಮಗ್ಗುಲಲ್ಲಿ ನಿಲ್ಲಿಸುತ್ತೀರಲ್ಲ, ನಿಮಗೇನು ತಲೆ ನೆಟ್ಟಗಿದೆಯೋ ಎಂದಳು. ರಾಯರು ನ್ಯಾಯ ಅಂದರೆ ನ್ಯಾಯ ಎಂದರು. ಮೂಲೆಯಲ್ಲಿ ಕೂತಿದ್ದ ಶರ್ವರಿ ಮನವಿಯ ಕರಡನ್ನು ತೆಗೆದು ಮೊದಲಿಂದ ಕೊನೆಯ ತನಕ ಓದಿದಳು. "ಛಲೋ ಬರದೀ ಅಪ್ಪಾ," ಎಂದು ಹೇಳಿ ಮಲಗಲು ಹೋದಳು.

ಭಾನುವಾರ ಬಂತು. ಸ್ಪರ್ಧೆ ಇದ್ದದ್ದು ಉಪ್ಪಲ್ ಕಡೆಯ ಒಂದು ದೊಡ್ಡ ಶಾಲೆಯ ಕೊಳದಲ್ಲಿ. ಸುತ್ತೋಲೆಯ ಪ್ರಕಾರ ಕಾಲನಿಯ ಹದಿನೆಂಟು ಪಾಲಕರು, ಉಪ್ಪಿಟ್ಟಿನಿಂದ ಭಾರವಾದ ಒಂಬತ್ತು ಮಕ್ಕಳನ್ನು ಕರಕೊಂಡು, ಮೂರು ಮೂರು ಜನ್ಮದಾಖಲೆ ಹಿಡಿದು ಆರಕ್ಕೆ ಸರಿಯಾಗಿ ಗೇಟಿನ ಮುಂದೆ ಹಾಜರಾದರು. ಕಾವಲುಗಾರ ಹಲ್ಲು ತಿಕ್ಕುತ್ತಿದ್ದ. ಏಳೂವರೆಯ ತನಕ ಗೇಟು ತೆರೆಯುವುದಿಲ್ಲವೆಂದೂ, ನಿಮಗೆ ಆರಕ್ಕೆ ಬರಲು ಹೇಳಿದವರು ಯಾರೆಂದೂ ತೆಲುಗಿನಲ್ಲಿ ಕೇಳಿದ. ಹದಿನೇಳು ಜನ ರಾಯರ ಕಡೆಗೆ ನೋಡಿದರು. ರಾಯರು ಶಾಲೆಯ ಬೋರ್ಡನ್ನು ಓದತೊಡಗಿದರು. ಆ ಒಂದೂವರೆ ತಾಸಿನಲ್ಲಿ ಗಂಗೂಬಾಯಿ ಅತ್ಯಾ ತಾನು ತಂದಿದ್ದ ಬೇಸನ್ ಉಂಡಿಯ ಡಬ್ಬಿ ತೆರೆದು, ನಮ್ಮ ಹುಡುಗಿ ಮೊದಲನೆಯವಳಾಗಿದ್ದಕ್ಕೆ ಎಂದು ಹೇಳುತ್ತ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಹಂಚಿದಳು. ಉಳಿದ ಹುಡುಗಿಯರ ತಾಯಂದಿರು ಮುಖ ಬಿಗಿದುಕೊಂಡೇ ತಿಂದರು.

ಒಳಗೆ ಹೋದ ಕೂಡಲೇ ರಾಯರು ಆನಂದಕುಮಾರರನ್ನು ಕರಕೊಂಡು ರೆಫರಿಯ ಮೇಜಿಗೆ ನಡೆದರು. ರೆಫರಿ ಬಿಳಿ ಟೊಪ್ಪಿಗೆಯ ವಯಸ್ಸಾದ ಮನುಷ್ಯ, ಕೊರಳಲ್ಲಿ ಸೀಟಿ. ಮೂರು ಪುಟದ ಮನವಿ ಕಂಡು ಯಾರೇ ಆದರೂ ಮಾಡುವುದನ್ನೇ ಅವರೂ ಮಾಡಿದರು. ನೇರವಾಗಿ ಕೊನೆಯ ಪುಟ ತಿರುವಿದರು. ಆರನೇ ಹೀಟಿನಿಂದ ಮೊದಲನೇ ಹೀಟಿಗೆ ಎಂಬುದನ್ನು ಎರಡು ಸಲ ಓದಿ, "ಪಹಲೀ ಹೀಟ್? ಪಕ್ಕಾ?" ಎಂದು ಕೇಳಿದರು. ಇಬ್ಬರೂ ಪಕ್ಕಾ ಎಂದರು. ಯಾವ ರೋಗವೂ ಇಲ್ಲದೆ ಬಂದು ಇಂಜೆಕ್ಷನ್ ಕೊಡಿ ಅನ್ನುವವರನ್ನು ಡಾಕ್ಟರು ನೋಡುವ ಹಾಗೆ ಅವರಿಬ್ಬರನ್ನೂ ನೋಡಿ, ರೆಫರಿ ಪಟ್ಟಿಯಲ್ಲಿ ಶಾಂಭವಿಯ ಹೆಸರು ಹೊಡೆದು, ಮೊದಲನೇ ಹೀಟಿನ ನಾಲ್ಕನೇ ಸಾಲಿಗೆ ಬರೆದುಕೊಂಡರು. ಮೂರನೇ ಸಾಲು ಶರ್ವರಿಯದು. ಖಾಲಿಯಾದ ಆರನೇ ಹೀಟಿನ ಜಾಗಕ್ಕೆ, ಹೆಸರು ತಡವಾಗಿ ಕೊಟ್ಟು ಕಾಯುತ್ತಿದ್ದ ಇನ್ನೊಬ್ಬ ಹುಡುಗಿಯನ್ನು ತುಂಬಿದರು. ಆನಂದಕುಮಾರರು ರಾಯರ ಎರಡೂ ಕೈ ಹಿಡಿದುಕೊಂಡು, ಈ ಉಪಕಾರ ಮರೆಯುವುದಿಲ್ಲ ಎಂದರು.

ಆಗ ಬಂದ ಮಲ್ಲಣ್ಣ. ಯಾದಗಿರಿಯ ಬಸ್ಸಿನಿಂದ ಇಳಿದು ನೇರವಾಗಿ ಬಂದಿದ್ದ. ಹೆಗಲ ಮೇಲೆ ಚೀಲ, ಕೈಯಲ್ಲಿ ಇನ್ನೂ ಮದುವೆಯ ಅರಿಸಿನದ ಬಣ್ಣ. ಗೋಡೆಗೆ ಹಚ್ಚಿದ ಪಟ್ಟಿಯನ್ನು ನೋಡಿದ, ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದ. ರಾಯರ ಹತ್ತಿರ ಬಂದು ಅರ್ಜಿಯಲ್ಲಿ ಎಷ್ಟು ಸಮಯ ಬರೆದಿರಿ ಎಂದು ಮೆಲ್ಲಗೆ ಕೇಳಿದ. ರಾಯರು ಹೆಮ್ಮೆಯಿಂದಲೇ ಹೇಳಿದರು. ಮಲ್ಲಣ್ಣ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆಯೇ ಕೂತುಬಿಟ್ಟ.

"ಸರ, ಬರದ ಟೈಮ್ ನೋಡಿ ಹೀಟು ಮಾಡ್ತಾರ್ರೀ. ಮೊದಲನೇ ಹೀಟು ಅಂದ್ರ ಎಲ್ಲಾರಕಿಂತ ಸಾವಕಾಶ ಈಸೋರದ್ರೀ. ನಿನ್ನೆ ಮೊನ್ನೆ ನೀರಿಗೆ ಇಳದ ಕೂಸುಗೋಳು. ಜೋರು ಇದ್ದೋರು ಕಡೀ ಹೀಟಿನಾಗ. ಬಾಜೂಕ ಜೋರು ಈಸೋರು ಇದ್ರನ ಕೂಸಿಗೆ ಜೋರು ಬರತೈತಿ. ಒಬ್ಬಾಕಿನ ಈಸಿದ್ರ ಟೈಮ್ ಎಲ್ಲಿಂದ ಬರಬೇಕ್ರಿ?"

ರಾಯರಿಗೆ ಪೂರಾ ತಿಳಿಯಲಿಲ್ಲ. ಎರಡನೆಯ ಸಲ ಹೇಳಿಸಿಕೊಂಡರು, ಆಗ ತಿಳಿಯಿತು. ತಿಳಿದ ಮೇಲೆ ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮೊದಲನೇ ಹೀಟಿನ ಐದನೇ ಸಾಲಿನಲ್ಲಿ ಏಳು ವರ್ಷದ ಒಂದು ಮಗು, ಗುಲಾಬಿ ಟೊಪ್ಪಿಗೆ ಹಾಕಿಕೊಂಡು ಅಮ್ಮನ ಸೆರಗು ಬಿಡದೆ ನಿಂತಿತ್ತು. ಇಂಥ ಕೂಸುಗಳು ಈಗ ಅವರ ಮಗಳ ಸಮಸ್ಕಂಧರು. ವರ್ಷವಿಡೀ ಐದಕ್ಕೆ ಎದ್ದ ಹುಡುಗಿಯನ್ನು ಅವರು ಒಂದು ಪೆನ್ನಿನಿಂದ ಅಲ್ಲಿಗೆ ತಂದು ನಿಲ್ಲಿಸಿದ್ದರು. ಇನ್ನೊಂದು ಪೆನ್ನಿನಿಂದ, ಏನೂ ಕೆಡದೆ ಆರನೇ ಹೀಟಿನಲ್ಲಿ ಸುಖವಾಗಿದ್ದ ಪರರ ಹುಡುಗಿಯನ್ನೂ ಎಳೆದು ತಂದಿದ್ದರು, ಏಳು ಉಲ್ಲೇಖ ಸಮೇತ.

ಶಾಂಭವಿಯ ಸಂಗತಿ ಹೇಳಿದಾಗ ಮಲ್ಲಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ರಾಜ್ಯಮಟ್ಟಕ್ಕೆ ಹೋಗುತ್ತಾರೆಂದು ಅವನು ನಂಬಿದ್ದ ಹುಡುಗಿಯರು ಇಬ್ಬರೇ. ಆ ಇಬ್ಬರೂ ಕೂಸುಗಳ ಸಾಲಿನಲ್ಲಿದ್ದರು.

ರಾಯರು ಮತ್ತೆ ರೆಫರಿಯ ಮೇಜಿಗೆ ಓಡಿದರು. ಮೊದಲಿನ ಮನವಿ ಹಿಂದಕ್ಕೆ ಪಡೆಯುತ್ತೇನೆ, ಇಬ್ಬರನ್ನೂ ಆರನೇ ಹೀಟಿಗೆ ಹಾಕಿ, ಬೇಕಾದರೆ ಹೊಸ ಅರ್ಜಿ ಬರೆದುಕೊಡುತ್ತೇನೆ ಎಂದು ಹಿಂದಿ, ತೆಲುಗು, ಕನ್ನಡ ಮೂರನ್ನೂ ಕಲಸಿ ಬೇಡಿಕೊಂಡರು. ಆರನೆಯದು ತುಂಬಿದೆ ಎಂದರು ರೆಫರಿ. ಅರ್ಜಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಕಾಗದಗಳನ್ನೆಲ್ಲ ಎದೆಗೆ ಒತ್ತಿಕೊಂಡು ಎದ್ದು, ಸೀಟಿ ಬಾಯಿಗಿಟ್ಟರು.

ಇತ್ತ ಕಾಲನಿಯ ಮಂದಿಗೆ ಇದೇ ಅತ್ಯುತ್ತಮರ ಹೀಟಲ್ಲವೇ? ಲಿಫ್ಟಿನಲ್ಲಿ ಓದಿದ್ದಾರೆ. ಎಲ್ಲರೂ ಎದ್ದು ನಿಂತಿದ್ದರು. ಸುತ್ತಲಿನ ಬೇರೆ ಪಾಲಕರು ಕೂತು ಚಹಾ ಕುಡಿಯುತ್ತ, ಈ ಪುಟ್ಟ ಮಕ್ಕಳ ಹೀಟಿಗೆ ಇಷ್ಟೊಂದು ಜನ ಯಾಕೆ ಎದ್ದರು ಎಂದು ನೋಡುತ್ತಿದ್ದರು. ಆರತಿ ತಟ್ಟೆ ಹಚ್ಚಲು ಹೋದ ಗಂಗೂಬಾಯಿಗೆ ಕಡ್ಡಿಪೆಟ್ಟಿಗೆ ನಿಷೇಧವೆಂದು ಹೇಳಿದರು. ಅವಳು ಬರೀ ತಟ್ಟೆಯನ್ನೇ ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದಳು.

ನಾಲ್ವರೂ ನೀರಿಗೆ ಬಿದ್ದರು. ಎರಡನೇ ಸಾಲಿನ ಹುಡುಗಿ ಹತ್ತು ಮೀಟರು ಹೋಗಿ, ಈಜುಗನ್ನಡಕದಲ್ಲಿ ನೀರು ಹೊಕ್ಕಿತೆಂದು ನಿಂತು ಸರಿಮಾಡಿಕೊಂಡಳು. ಗುಲಾಬಿ ಟೊಪ್ಪಿಗೆ ಹಗ್ಗ ಹಿಡಿದು ಅಮ್ಮನಿಗೆ ಕೈಬೀಸಿತು. ನಡುವಿನ ಎರಡು ಸಾಲು ಮಾತ್ರ ಬೇರೆ ಯಾವುದೋ ಕೊಳದಲ್ಲಿ ಇದ್ದ ಹಾಗೆ ಇತ್ತು. ಶಾಂಭವಿಯ ತಲೆ ಏಳುತ್ತಿತ್ತು, ಶರ್ವರಿಯ ತಲೆ ಏಳುತ್ತಿತ್ತು. ಒಮ್ಮೆ ಇವಳು ಒಂದು ಗೇಣು ಹಿಂದೆ, ಒಮ್ಮೆ ಅವಳು. ಆ ತುದಿಯ ಗೋಡೆಗೆ ಇಬ್ಬರೂ ಒಟ್ಟಿಗೆ ಎರಡೂ ಕೈ ಹಚ್ಚಿ ತಿರುಗಿದರು. ಮಲ್ಲಣ್ಣ ಗಡಿಯಾರ ಹಿಡಿದು ಕೊಳದ ಅಂಚಿನಲ್ಲಿ ಅವರ ಜೊತೆಗೇ ಓಡುತ್ತಿದ್ದ. ರಾಯರು ಕಂಬಿಯನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಮಗಳು ಈಸುವುದನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಇಷ್ಟು ಚೆನ್ನಾಗಿ ಈಸುತ್ತಾಳೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅದು ಗೊತ್ತಾದ ಗಳಿಗೆಯಲ್ಲೇ ತಾವು ದುಂಡಗೆ ಬರೆದ ಒಂದು ನಿಮಿಷ ಹದಿನೇಳು ಸೆಕೆಂಡೂ ನೆನಪಾಯಿತು.

ಶಾಂಭವಿ ಮೊದಲು ಮುಟ್ಟಿದಳು, ಹಿಂದೆಯೇ ಶರ್ವರಿ. ಮಲ್ಲಣ್ಣ ಗಡಿಯಾರ ನೋಡಿದ, ಅಲ್ಲಾಡಿಸಿ ಕಿವಿಗೆ ಹಿಡಿದ, ಮತ್ತೆ ನೋಡಿದ. ಶಾಂಭವಿ ನಲವತ್ತೈದು ಪಾಯಿಂಟ್ ಎರಡು. ಶರ್ವರಿ ನಲವತ್ತೈದು ಪಾಯಿಂಟ್ ಆರು. ಶರ್ವರಿ ಹುಟ್ಟಿದ ಮೇಲೆ ಇಷ್ಟು ಕಡಿಮೆ ಸಮಯದಲ್ಲಿ ಈಸಿದ್ದೇ ಇಲ್ಲ.

ಆಯ್ಕೆ ಇಲ್ಲಿಗೆ ಮುಗಿಯಿತೆಂದು ಆನಂದಕುಮಾರರು ಚೀಲ ಹೆಗಲಿಗೇರಿಸಿದರು. ಇನ್ನೂ ಐದು ಹೀಟು ಇದೆಯಲ್ಲ ಎಂದರೆ, ಅವು ಇಳಿಯುತ್ತ ಹೋಗುವವಲ್ಲವೇ, ಏನು ನೋಡುವುದು ಎಂದರು ಆನಂದಕುಮಾರರು. ಇಲ್ಲ, ಎಲ್ಲ ಹೀಟಿನ ಸಮಯವನ್ನೂ ಒಟ್ಟಿಗೆ ಇಟ್ಟು ನೋಡಿ ಮೂವರನ್ನು ಆರಿಸುತ್ತಾರೆ ಎಂದು ಮಲ್ಲಣ್ಣ ಹೇಳಿದಾಗ ಅವರು ಗೊಣಗುತ್ತ ಕೂತರು.

ಮುಂದಿನ ಅರ್ಧ ತಾಸು ರಾಯರು ಏನು ಮಾಡಿದರೆಂಬುದನ್ನು ಹೇಳಿದರೆ ಅವರ ಮರ್ಯಾದೆಗೆ ಕಡಿಮೆ. ಆದರೂ ಹೇಳಬೇಕು. ಸಾಲಿನಲ್ಲಿ ಬಂದು ನಿಂತ ಪ್ರತಿಯೊಂದು ಹುಡುಗಿಗೂ ಕಾಲಲ್ಲಿ ಸಣ್ಣಗೆ ಸೆಳೆತ ಬರಲಿ ಎಂದು ಆ ಸಾತ್ವಿಕ ಮನುಷ್ಯ ದೇವರನ್ನು ಬೇಡಿಕೊಂಡರು. ಜಾಸ್ತಿ ಬೇಡ, ಎರಡು ಸೆಕೆಂಡಿನಷ್ಟು. ನಾಲ್ಕನೇ ಹೀಟಿನ ತನಕ ದೇವರು ಅವರ ಮಾತು ನಡೆಸಿದ. ಐದನೆಯದರಲ್ಲಿ ಒಬ್ಬಳು ನಲವತ್ತಾರು ಮುಟ್ಟಿದಾಗ ರಾಯರು ಸಂಪದಾಳ ಕೈ ಎಷ್ಟು ಜೋರು ಹಿಡಿದರೆಂದರೆ ಅವಳು ಬಳೆ ಒಡೆಯುತ್ತವೆ ಬಿಡಿ ಎಂದಳು. ಆರನೆಯದರಲ್ಲಿ ಸಿಕಂದರಾಬಾದಿನ ಉದ್ದನೆಯ ಹುಡುಗಿಯೊಬ್ಬಳು ಸರ್ರನೆ ಬಂದು ನಲವತ್ತನಾಲ್ಕು ಪಾಯಿಂಟ್ ಒಂಬತ್ತಕ್ಕೆ ಗೋಡೆ ಮುಟ್ಟಿದಳು. ಅವಳ ಹಿಂದಿನವಳು ನಲವತ್ತೈದು ಪಾಯಿಂಟ್ ಎಂಟು.

ಲೆಕ್ಕ ರಾಯರಿಗೆ ತಲೆಯಲ್ಲಿ ಆಗಲಿಲ್ಲ. ಗೋಡೆಗೆ ಕಾಗದ ಹಚ್ಚಿದ ಮೇಲೆಯೇ ಆದದ್ದು. ಸಿಕಂದರಾಬಾದಿನವಳು ಒಂದು, ಶಾಂಭವಿ ಎರಡು, ಶರ್ವರಿ ಮೂರು. ಮೂವರೂ ರಾಜ್ಯಮಟ್ಟಕ್ಕೆ.

ಶರ್ವರಿ ಒದ್ದೆ ಟವೆಲ್ಲಿನಲ್ಲೇ ಅಮ್ಮನ ಕೊರಳಿಗೆ ಜೋತುಬಿದ್ದಳು. ಗಂಗೂಬಾಯಿ ಅತ್ಯಾ, ಮೊದಲನೆಯವಳಾಗಿದ್ದಳಲ್ಲ, ಮೂರನೆಯವಳು ಹ್ಯಾಗಾದಳು ಎಂದು ಅತ್ತಿತ್ತ ಕೇಳುತ್ತ, ಯಾರೂ ಉತ್ತರ ಕೊಡದ್ದರಿಂದ ಉಂಡಿ ಹಂಚುವುದನ್ನು ಮುಂದುವರಿಸಿದಳು.

ರಾಯರಿಗೆ ಇನ್ನು ತಡೆದುಕೊಳ್ಳುವುದು ಸಾಧ್ಯವಾಗಲಿಲ್ಲ. ಬೆಂಚಿನ ಪಕ್ಕ ನಿಂತು ಕಾಲನಿಯವರನ್ನೆಲ್ಲ ಕರೆದು ತಪ್ಪೊಪ್ಪಿಕೊಂಡರು. ಮಾರ್ಗದರ್ಶಿಯ ನಾಲ್ಕನೇ ಸೂಚನೆ ಪೂರ್ತಿ ತಲೆಕೆಳಗು, ಮೊದಲನೇ ಹೀಟು ಎಲ್ಲಕ್ಕಿಂತ ಕೆಳಗಿನದು, ಮಗಳು ಅಲ್ಲಿಗೆ ಬಂದದ್ದು ತಾವು ಅರ್ಜಿ ತಪ್ಪು ತುಂಬಿದ್ದರಿಂದ, ಶಾಂಭವಿಯನ್ನು ಅಲ್ಲಿಗೆ ಎಳೆದದ್ದು ತಮ್ಮ ಅಜ್ಞಾನ, ಎಲ್ಲರೂ ಕ್ಷಮಿಸಬೇಕು ಎಂದರು.

ಎಲ್ಲರೂ ಪೂರ್ತಿ ಕೇಳಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ರಾಯರ, ನಿಮ್ಮ ಮಗಳು ಸೆಲೆಕ್ಟ್ ಆದಳಲ್ಲ, ಈಗ ಗುಟ್ಟು ಮುಚ್ಚಾಕತ್ತೀರಿ," ಎಂದರು ಆನಂದಕುಮಾರರು, ಪ್ರೀತಿಯಿಂದಲೇ. "ನಮ್ಮ ಕಾಲನೀದು ಒಂಬತ್ತು ಹುಡುಗ್ಯಾರು ಇದ್ರು. ಪಾಸಾದೋರು ಇಬ್ರ. ಇಬ್ರೂ ಮೊದಲನೇ ಹೀಟಿನೋರ. ಇನ್ನ ಹೇಳೂದೇನೈತ್ರಿ?"

ರಾಯರು ಹೇಳುವುದು ನಿಜ ಎಂದು ಮಲ್ಲಣ್ಣ ಆಣೆ ಮಾಡಿ ಹೇಳಿದ. ರಾಯರು ಅವನಿಗೂ ಹೇಳಿಕೊಟ್ಟಿದ್ದಾರೆ ಎಂದು ಕಾಲನಿಯವರು ಅಂದುಕೊಂಡರು. ರೆಫರಿಯನ್ನೇ ಕೇಳಿದರು, ಅವರೂ ಮೊದಲನೆಯದು ಕಡಿಮೆ ವೇಗದವರದು ಎಂದರು. ಆದರೆ ಅಧಿಕಾರಿ ಎಂದ ಮೇಲೆ ಹಾಗೆಯೇ ಹೇಳಬೇಕಲ್ಲ, ಎಲ್ಲರೂ ಮೊದಲನೆಯದೇ ಬೇಕೆಂದರೆ ಅವರ ಗತಿ ಏನು ಎಂದು ಪಾಲಕರು ತಮ್ಮಲ್ಲೇ ಮಾತಾಡಿಕೊಂಡರು. ಗೇಟು ದಾಟುವಷ್ಟರಲ್ಲಿ ಮೂವರು ತಾಯಂದಿರು ಬಂದು, ಮುಂದಿನ ವರ್ಷಕ್ಕೆ ಆ ಮನವಿಯ ನಕಲು ಬೇಕೆಂದು ಕೇಳಿದರು.

ಮನೆಯ ಕಡೆಗೆ ಹೊರಟರು. ರಾಯರ ಸ್ಕೂಟರಿನ ಹಿಂದೆ ಶರ್ವರಿ. ಹಿಂದಿನ ಆಟೋದಲ್ಲಿ ಸಂಪದಾ, ಗಂಗೂಬಾಯಿ, ಆನಂದಕುಮಾರ, ನಡುವೆ ಶಾಂಭವಿ. ಹಬ್ಸಿಗುಡದ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದು ನಿಂತಾಗ ರಾಯರು ಹೆಲ್ಮೆಟ್ಟಿನೊಳಗಿಂದ ಮೆಲ್ಲಗೆ ಹೇಳಿದರು.

"ಶರೂ, ನಂದು ತಪ್ಪಾತವಾ. ನಿನ್ನ ಕೂಸುಗಳ ಜೋಡಿ ನಿಲ್ಲಿಸಿಬಿಟ್ಟೆ."

"ಗೊತ್ತದ ಅಪ್ಪಾ. ಪಟ್ಟಿ ಬಂದ ದಿನಾನ ಗೊತ್ತಾತು."

ರಾಯರು ಕತ್ತು ಹೊರಳಿಸಿದರು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಳಿದ್ರ ಏನಾಗ್ತಿತ್ತು? ಆರನೇ ಹೀಟಿನ್ಯಾಗ ಜಾಗಾನ ಇರಲಿಲ್ಲ. ಒಬ್ಬಾಕಿನ ಈಸಿದ್ರ ಈ ಸಲಾನೂ ಹೋತು ಅಂತ ಶಾಂಭವೀ ಮುಂದ ಅತ್ತೆ. ಸುಮ್ನಿರು, ನಾನ ನಿನ್ನ ಹೀಟಿಗೆ ಬರ್ತೀನಿ ಅಂದ್ಲು. ಆಮ್ಯಾಲ ಅವರಪ್ಪನ ಮುಂದ ಆಕಿ ಅತ್ಲು."

"ಸುಳ್ಳ ಅತ್ಲೇನು?"

ಶರ್ವರಿ ತಿರುಗಿ ಹಿಂದಿನ ಆಟೋದ ಕಡೆ ನೋಡಿದಳು. "ಮೊದಲ ಸುಳ್ಳನ ಅತ್ಲಂತ. ಆಮ್ಯಾಲ ಖರೇನ ಅಳು ಬಂತಂತ. ಆರನೇ ಹೀಟು ಬಿಟ್ರ ಆಕಿದು ಫಸ್ಟ್ ಪ್ರೈಜ್ ಹೋಗ್ತದಂತ ಆಕಿಗೆ ಗೊತ್ತಿತ್ತಪ್ಪಾ."

ರಾಯರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. ಇಳಿದರು. ಹಿಂದಿನ ಆಟೋದ ಹತ್ತಿರ ನಡೆದುಹೋಗಿ, ಹೆಲ್ಮೆಟ್ ತೆಗೆದು, ಬಾಯಿತುಂಬ ಉಂಡಿ ಇಟ್ಟುಕೊಂಡಿದ್ದ ಹನ್ನೊಂದು ವರ್ಷದ ಶಾಂಭವಿಗೆ ನಡುರಸ್ತೆಯಲ್ಲಿ ಎರಡೂ ಕೈ ಮುಗಿದರು. ಆನಂದಕುಮಾರರು ಇದೇನು ರಾಯರ ಎಂದು ಗಾಬರಿಯಾಗಿ ತಾವೂ ಕೈ ಮುಗಿದರು. ಏನಿದೆಯೋ ಇರಲಿ ಎಂದು ಆಟೋದವನೂ ಮುಗಿದ. ಸಿಗ್ನಲ್ ಹಸಿರಾಗಿ ಹಿಂದಿನ ಬಸ್ಸು, ಕಾರುಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಪ್ರಹ್ಲಾದಗ ಬಿಸಲು ಬಡದದ, ಯಾರರ ನೀರು ಕೊಡ್ರಿ ಎಂದು ಗಂಗೂಬಾಯಿ ಕೂಗಿದಳು.

ಶಾಂಭವಿ ಒಬ್ಬಳಿಗೇ ಅರ್ಥವಾಗಿತ್ತು. ಉಂಡಿ ನುಂಗಿಕೊಂಡು, ಅಪ್ಪನಿಗೆ ಕೇಳಿಸದ ಹಾಗೆ ಮುಂದೆ ಬಾಗಿ, "ಅಂಕಲ್, ಯಾರಿಗೂ ಹೇಳಬ್ಯಾಡ್ರಿ," ಎಂದಳು.

ರಾಯರು ತಲೆಯಾಡಿಸಿ, ಸ್ಕೂಟರ್ ಹತ್ತಿ ಹೊರಟರು. ಈ ಮಾತನ್ನು ಅವರು ಇಂದಿನ ತನಕ ಯಾರಿಗೂ ಹೇಳಿಲ್ಲ. ಹೇಳಿದ್ದರೂ ಕಾಲನಿಯಲ್ಲಿ ಅವರ ಮಾತನ್ನು ನಂಬುವವರು ಒಬ್ಬರೂ ಉಳಿದಿರಲಿಲ್ಲ.